ಕೂಳೆ ಜೋಳ, ಒಂದು ಹಿಡಿ ಹೈಪೋ

ಹಸುವಿನ ಒಸಡು ಅಷ್ಟು ಕೆಂಪಗಿದ್ದುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಸಾಯುವ ಪ್ರಾಣಿಯ ಬಾಯಿ ಬಿಳಿಚಿಕೊಂಡಿರುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಇದರ ತುಟಿ ಎತ್ತಿದರೆ ಒಳಗೆ ದಾಳಿಂಬೆ ಬಿಡಿಸಿಟ್ಟ ಹಾಗೆ ಹೊಳೆಯುತ್ತಿತ್ತು. ಒಂದು ಕ್ಷಣ ನನಗೆ ಸಮಾಧಾನವೇ ಆಯಿತು. ರಕ್ತ ಇಷ್ಟು ಚೆನ್ನಾಗಿದೆಯಲ್ಲ, ಏನೂ ಆಗುವುದಿಲ್ಲ ಎಂದುಕೊಂಡೆ. ಮರುಕ್ಷಣ ಪುಸ್ತಕದ ಒಂದು ಪುಟ ಕಣ್ಣ ಮುಂದೆ ಬಂತು. ನನ್ನ ಬೆರಳುಗಳು ಸಡಿಲವಾಗಿ ಆ ತುಟಿ ಜಾರಿತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಜೀವರಸಾಯನ ಓದುತ್ತಿದ್ದ ನಾನು ಕೊನೆಯ ವರ್ಷದ ಪರೀಕ್ಷೆ ಬರೆದು ಊರಿಗೆ ಬಂದಿದ್ದೆ. ದೊಡ್ಡಗಾಜನೂರಿನಿಂದ ಆಚೆಗೆ, ಕಾಡಿನ ಮಗ್ಗುಲಿಗೆ ನಮ್ಮ ಹೊಲ. ಹೈಸ್ಕೂಲಿನಿಂದಲೇ ಹಾಸ್ಟೆಲು ಸೇರಿದ್ದ ನನಗೆ ಆ ಹೊಲ ರಜೆಯ ಹೊಲ. ಬೆಳೆ ನಿಂತಿರುವುದನ್ನು ನೋಡುತ್ತಿದ್ದೆ, ಇಲ್ಲವೇ ಕೊಯ್ದ ಮೇಲೆ ನೋಡುತ್ತಿದ್ದೆ. ನಡುವೆ ಏನೇನು ನಡೆಯುತ್ತದೆ ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಹಸುವನ್ನು ಸಾಕುತ್ತಿದ್ದವಳನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಅವಳ ಅತ್ತೆಯ ಕಾಲದಿಂದ ಅವರ ಮನೆಯವರು ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದರು. ಕಳೆ ಕೀಳುವಾಗ ಎಲ್ಲರಿಗಿಂತ ಒಂದು ಸಾಲು ಮುಂದಿರುತ್ತಿದ್ದಳು, ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನನ್ನನ್ನು ಅಮ್ಮಣ್ಣಿ ಎನ್ನುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷವಾದರೂ ದೊಡ್ಡವಳು, ಆದರೂ ನನಗೆ ಬಹುವಚನ.

ನಮ್ಮ ಕಡೆ ಹಸುವನ್ನು ವಾರಕ್ಕೆ ಕೊಡುವುದು ಎಂದೊಂದು ಪದ್ಧತಿ. ಹೊಲ ಇರುವವರು ಒಂದು ಹೆಣ್ಣು ಕರುವನ್ನು ಕೂಲಿಯವರ ಮನೆಗೆ ಕೊಡುತ್ತಾರೆ. ಅವರು ಮೇಯಿಸಿ ಸಾಕುತ್ತಾರೆ. ಅದು ಮೊದಲ ಸಲ ಹಾಕಿದ ಕರು ಕೊಟ್ಟವರಿಗೆ, ಎರಡನೆಯದು ಸಾಕಿದವರಿಗೆ. ಈ ಕೆಂದ ಹಸುವಿನ ಮೊದಲ ಕರು ಆ ಹೊತ್ತಿಗೆ ನಮ್ಮ ಕೊಟ್ಟಿಗೆಯಲ್ಲಿ ಬೆಳೆದು ನಿಂತಿತ್ತು. ಎರಡನೆಯದು ಹೊಟ್ಟೆಯಲ್ಲಿತ್ತು, ಇನ್ನೊಂದು ತಿಂಗಳಿಗೆ ದಿನ ತುಂಬುತ್ತಿತ್ತು. ಅಕ್ಕನ ಅತ್ತೆ ಜೀವಮಾನವೆಲ್ಲ ಬೇರೆಯವರ ದನ ಮೇಯಿಸಿ ಸತ್ತವಳು. ಅವರ ಹಟ್ಟಿಯಲ್ಲಿ 'ಇದು ನಮ್ಮದು' ಎನ್ನುವಂಥ ನಾಲ್ಕು ಕಾಲಿನದು ಒಂದೂ ಇರಲಿಲ್ಲ. ಹೊಟ್ಟೆಯೊಳಗಿದ್ದ ಕರುವೇ ಮೊದಲನೆಯದಾಗಬೇಕಿತ್ತು. ಅಕ್ಕ ಅದಕ್ಕಾಗಲೇ ತೆಂಗಿನ ನಾರಿನಲ್ಲಿ ಒಂದು ಸಣ್ಣ ಹಗ್ಗ ಹೊಸೆದು ಗೂಟಕ್ಕೆ ನೇತುಹಾಕಿದ್ದಳು. ಹಾದುಹೋಗುವ ಹೆಂಗಸರು ಅವಳನ್ನು ಚುಡಾಯಿಸುತ್ತಿದ್ದರು.

"ಏನಕ್ಕ, ಕರ ಇನ್ನೂ ಒಟ್ಟೇಲದೆ, ಅಗ್ಗ ಆಗ್ಲೇ ಮದ್ವೆಗೆ ನಿಂತದಲ್ಲ?"

"ನಿಂಗೇನವ್ವ ಸಂಕ್ಟ? ಅಗ್ಗ ಇದ್ರೆ ಕರ ತಾನೇ ಬತ್ತದೆ."

ಆ ವರ್ಷ ಬಾವಿಯ ಪಕ್ಕದ ತುಂಡು ಹೊಲದಲ್ಲಿ ಅಪ್ಪ ಮೇವಿಗೆಂದು ಜೋಳ ಹಾಕಿಸಿದ್ದರು. ಅದು ತೆನೆ ಕಟ್ಟುವಷ್ಟರಲ್ಲಿ ಆನೆಗಳು ಬಂದು ಅರ್ಧ ತಿಂದು ಅರ್ಧ ತುಳಿದು ಹೋದವು. ಉಳಿದಿದ್ದನ್ನು ಬುಡಕ್ಕೆ ಕೊಯ್ದು ದನಕ್ಕೆ ಹಾಕಿದ್ದಾಯಿತು. ಆಮೇಲೆ ವಾರಗಟ್ಟಲೆ ಬಿಸಿಲು. ನಾನು ಊರಿಗೆ ಬರುವ ನಾಲ್ಕು ದಿನ ಮುಂಚೆ ಒಂದು ಮಳೆ ಬಿತ್ತಂತೆ. ಕೊಯ್ದ ಬುಡಗಳಿಂದೆಲ್ಲ ಚಿಗುರು ಎದ್ದಿತ್ತು, ಗೇಣುದ್ದ, ಕಡು ಹಸಿರು. ಸುತ್ತಲಿನ ಬೋಳು ಕೆಂಪು ನೆಲದಲ್ಲಿ ಅದೊಂದೇ ಹಸಿರು ತುಂಡು. ಕೊಯ್ದ ಬುಡ ಮತ್ತೆ ಚಿಗುರಿದ್ದನ್ನು ಕೂಳೆ ಎನ್ನುತ್ತಾರೆ ಎಂಬುದಷ್ಟೇ ನನಗೆ ಗೊತ್ತಿತ್ತು.

ಅವತ್ತು ಬೆಳಿಗ್ಗೆ ಎಂಟು ಗಂಟೆ ಇರಬಹುದು. ನಾನು ಬಾವಿಯ ಕಟ್ಟೆಯ ಮೇಲೆ ಕೂತಿದ್ದೆ. ಅಕ್ಕ ಹಸುವನ್ನು ಹಿಡಿದುಕೊಂಡು ಬದುವಿನ ಮೇಲೆ ಬಂದಳು. ಹೊಟ್ಟೆ ಜೋತುಬಿದ್ದ ಹಸು ನಿಧಾನವಾಗಿ, ಪ್ರತಿ ಹೆಜ್ಜೆಯನ್ನೂ ಯೋಚಿಸಿ ಇಡುತ್ತಿರುವ ಹಾಗೆ ನಡೆಯುತ್ತಿತ್ತು. ಬದುವಿನಲ್ಲಿ ಒಣಗಿದ ಗರಿಕೆ ಬಿಟ್ಟರೆ ಏನೂ ಇರಲಿಲ್ಲ.

"ಎಲ್ಲಿಗಕ್ಕ ಕರ್ಕೊಂಡು ಹೋಗ್ತೀಯ ಪಾಪ, ತುಂಬು ಗಬ್ಬದ ಹಸು?"

"ಅಳ್ಳದ್ ಕಡೀಕೆ, ಅಮ್ಮಣ್ಣಿ. ಅಲ್ಲಿ ವಸಿ ಉಲ್ಲದೆ."

ಹಳ್ಳ ಎಂದರೆ ಅರ್ಧ ಮೈಲಿ. ನನಗೆ ಆ ಹಸುವಿನ ಮೇಲೆ ಕರುಣೆ ಉಕ್ಕಿತು. ರಜೆಗೆ ಬಂದವರ ಕರುಣೆ.

"ಇಲ್ಲೇ ಎಷ್ಟು ಚೆನ್ನಾಗಿ ಚಿಗುರಿದೆ ನೋಡು. ನಮ್ಮದೇ ಹೊಲ ತಾನೆ? ಇಲ್ಲೇ ಬಿಡು, ಮೇಯಲಿ."

ಅಕ್ಕ ಚಿಗುರಿನ ಕಡೆ ನೋಡಿದಳು. "ಅದು ಕೂಳೆ ಕಣಮ್ಮಣ್ಣಿ."

"ಕೂಳೆಯಾದರೇನು?"

"ಕೂಳೆ ಜ್ವಾಳ," ಎಂದು ಇನ್ನೊಂದು ಸಲ ಹೇಳಿದಳು. ಹಸುವಿನ ಹಗ್ಗವನ್ನು ಕೈಗೆ ಒಂದು ಸುತ್ತು ಹೆಚ್ಚು ಸುತ್ತಿಕೊಂಡಳು.

ನಾನು ನಕ್ಕೆ. ಅಪ್ಪ ಬೈಯುತ್ತಾರೆಂದು ಹೆದರುತ್ತಿದ್ದಾಳೆ ಎಂದುಕೊಂಡೆ. "ಅಪ್ಪಂಗೆ ನಾನು ಹೇಳ್ತೀನಿ, ಬಿಡಕ್ಕ" ಎಂದೆ.

ಬಿಟ್ಟಳು.

ಆ ಐದು ನಿಮಿಷವನ್ನು ನಾನು ಎಷ್ಟು ಸಲ ಹಿಂದಕ್ಕೆ ಎಳೆದುಕೊಂಡು ಹೋಗಿ ಮತ್ತೆ ನೋಡಿದ್ದೇನೋ. 'ಅದು ಕೂಳೆ' ಎಂದು ಅವಳು ಎರಡು ಸಲ ಹೇಳಿದ್ದು ಬೇಡ ಎನ್ನುವ ಮಾತೇ ಆಗಿತ್ತು. ನನ್ನೆದುರು ಅವಳು ಹೇಳಬಹುದಾದ ಬೇಡ ಅಷ್ಟೇ ಉದ್ದದ್ದು. ನನಗೆ ಕೇಳಿಸಲಿಲ್ಲ. ಹಸು ನಾಲಗೆಯಲ್ಲಿ ಚಿಗುರನ್ನು ಸುತ್ತಿ ಕಿತ್ತುಕೊಳ್ಳುವ ಚರ್ ಚರ್ ಶಬ್ದ ಮಾತ್ರ ಕೇಳಿಸುತ್ತಿತ್ತು, ಅದನ್ನು ಕೇಳಿ ನನಗೆ ಖುಷಿಯಾಗುತ್ತಿತ್ತು.

ಅಕ್ಕ ಕೂರಲಿಲ್ಲ. ಹಗ್ಗ ಬಿಟ್ಟರೂ ಹಸುವಿನ ಪಕ್ಕದಲ್ಲೇ ನಿಂತಿದ್ದಳು. ಸ್ವಲ್ಪ ಹೊತ್ತಿಗೇ ನನ್ನ ಕಡೆ ನೋಡದೆ, "ಸಾಕು ಬಾ ತಾಯಿ, ಸಾಕು" ಎಂದು ಅದನ್ನು ಎಳೆದು ಹೊರಗೆ ತಂದಳು. ಅಷ್ಟರಲ್ಲಿ ಹತ್ತಿಪ್ಪತ್ತು ಬಾಯಿ ತಿಂದಿರಬೇಕು. ಬದುವಿನವರೆಗೆ ಬಂದ ಹಸು ಅಲ್ಲಿ ನಿಂತಿತು. ತೊಡೆಯ ಚರ್ಮ ನೊಣ ಕೂತಂತೆ ಅದುರಿತು. ನೊಣ ಇರಲಿಲ್ಲ. ಅದುರು ಬೆನ್ನಿಗೆ ಏರಿತು. ಮೂಗಿನ ಹೊಳ್ಳೆ ಅಗಲಿಸಿ ಜೋರಾಗಿ, ಓಡಿ ಬಂದವರ ಹಾಗೆ ಉಸಿರಾಡತೊಡಗಿತು. ಬಾಯಿಯಿಂದ ನೊರೆ ಇಳಿಯಿತು. ಹಿಂಗಾಲು ತೊಡರಿ ಅಡ್ಡಾದಿಡ್ಡಿ ಎರಡು ಹೆಜ್ಜೆ ಇಟ್ಟು ಕುಸಿದು ಬಿತ್ತು.

"ಜ್ವಾಳದ್ ನಂಜು ಕಣಮ್ಮಣ್ಣಿ, ನಂಜು ಇಡ್ಕಂಡ್ಬುಡ್ತು!" ಅಕ್ಕ ಹಸುವಿನ ಕತ್ತಿಗೆ ಬಿದ್ದಳು.

ಆಗಲೇ ನಾನು ಓಡಿಬಂದು ಅದರ ತುಟಿ ಎತ್ತಿ ನೋಡಿದ್ದು.

ಕಣ್ಣ ಮುಂದೆ ಬಂದ ಆ ಪುಟವನ್ನು ನಾನು ಮೂರು ವಾರಗಳ ಹಿಂದೆ ಪರೀಕ್ಷೆಯಲ್ಲಿ ಬರೆದಿದ್ದೆ. ಕಿಣ್ವದ ಕೆಲಸವನ್ನು ಚುರುಕುಗೊಳಿಸುವ ಮತ್ತು ತಡೆಯುವ ಅಂಶಗಳನ್ನು ವಿವರಿಸಿ ಎಂಬ ಪ್ರಶ್ನೆ. ಶಾಖ, ಹುಳಿ, ಖನಿಜಗಳು ಎಂದೆಲ್ಲ ಬರೆದು, ತಡೆಯುವ ವಸ್ತುಗಳಿಗೆ ಉದಾಹರಣೆಯಾಗಿ ಸಯನೈಡನ್ನು ತೆಗೆದುಕೊಂಡಿದ್ದೆ. ನಾವು ಎಳೆದುಕೊಂಡ ಉಸಿರು ರಕ್ತದಲ್ಲಿ ಕೂತು ಮೈಯ ಮೂಲೆಮೂಲೆಗೂ ಹೋಗುತ್ತದೆ. ಅಲ್ಲಿ ಒಂದು ಕಿಣ್ವ ಅದನ್ನು ಇಳಿಸಿಕೊಂಡು ಉರಿಗೆ ಹಚ್ಚುತ್ತದೆ. ಸಯನೈಡ್ ಬಂದು ಆ ಕಿಣ್ವಕ್ಕೆ ಅಂಟಿಕೊಂಡುಬಿಟ್ಟರೆ ಉಸಿರನ್ನು ಇಳಿಸಿಕೊಳ್ಳುವವರೇ ಇಲ್ಲ. ರಕ್ತ ತಂದದ್ದನ್ನು ಹಾಗೇ ಹೊತ್ತುಕೊಂಡು ತಿರುಗುತ್ತದೆ, ಅದಕ್ಕೇ ಅಷ್ಟು ಕೆಂಪು. ಗಾಳಿಯ ನಡುವೆಯೇ, ತುಂಬಿದ ರಕ್ತದಲ್ಲೇ ಪ್ರಾಣಿ ಉಸಿರು ಕಟ್ಟಿ ಸಾಯುತ್ತದೆ. ಅಂದವಾಗಿ ಚಿತ್ರ ಬರೆದು, ಬಾಣದ ಗುರುತು ಹಾಕಿ, ಪೂರ್ತಿ ಅಂಕ ಬರುತ್ತದೆ ಎಂದುಕೊಂಡು ಎದ್ದು ಬಂದಿದ್ದೆ.

ಎಳೆ ಜೋಳದ ಎಲೆಯಲ್ಲಿ ಸಯನೈಡ್ ಹುಟ್ಟುತ್ತದೆ ಎಂದೂ ಆ ಪುಸ್ತಕದಲ್ಲಿ ಒಂದು ಸಾಲು ಇತ್ತು. ಎಲೆಯ ಒಂದು ಕೋಣೆಯಲ್ಲಿ ವಿಷದ ಕಚ್ಚಾ ಸರಕು, ಇನ್ನೊಂದರಲ್ಲಿ ಅದನ್ನು ಬಿಡಿಸುವ ಕಿಣ್ವ. ಎಲೆ ಸುಮ್ಮನಿದ್ದರೆ ಅವೆರಡೂ ಸೇರುವುದಿಲ್ಲ. ಹಲ್ಲು ಬಿದ್ದು ಗೋಡೆ ಒಡೆದರೆ ಸೇರುತ್ತವೆ. ಆ ಸಾಲಿನಲ್ಲಿ ಜೋಳದ ಲ್ಯಾಟಿನ್ ಹೆಸರಿತ್ತು. ನಮ್ಮ ಬಾವಿಯ ಪಕ್ಕದ ಹೊಲ ಇರಲಿಲ್ಲ.

ಪುಸ್ತಕದಲ್ಲಿ ಇಲ್ಲದ ಒಂದು ಮಾತೂ ನೆನಪಿಗೆ ಬಂತು. ಪಾಠ ಮಾಡುತ್ತಿದ್ದ ಮೇಡಂ ಒಂದು ದಿನ ಗಂಟೆ ಹೊಡೆಯುವ ಹೊತ್ತಿಗೆ, "ಇದು ಪರೀಕ್ಷೆಗೆ ಬರಲ್ಲ, ಬರ್ಕೋಬೇಡಿ" ಎಂದು ಹೇಳಿದ್ದು. ಫೋಟೋ ತೊಳೆಯುವವರ ಹತ್ತಿರ ಹೈಪೋ ಎಂಬ ಹರಳು ಇರುತ್ತದೆ, ಅದರಲ್ಲಿ ಗಂಧಕ ಇದೆ. ಸಯನೈಡನ್ನು ಸಾಧುವಾಗಿಸುವ ಇನ್ನೊಂದು ಕಿಣ್ವ ನಮ್ಮ ಯಕೃತ್ತಿನಲ್ಲಿ, ದನದ ಯಕೃತ್ತಿನಲ್ಲೂ, ಕೂತೇ ಇರುತ್ತದೆ. ಗಂಧಕ ಸಾಲದೆ ಅದರ ಕೈ ನಡೆಯುವುದಿಲ್ಲ. ಗಂಧಕ ಕೊಟ್ಟರೆ ಚುರುಕಾಗುತ್ತದೆ. ಬರೆದುಕೊಳ್ಳಬೇಡಿ ಎಂದಿದ್ದಕ್ಕೋ ಏನೋ, ಅದೊಂದು ಮಾತು ತಲೆಯಲ್ಲಿ ಉಳಿದಿತ್ತು.

"ಅಕ್ಕ, ನಾನು ತಾಳವಾಡಿಗೆ ಹೋಗಿ ಔಷಧಿ ತರ್ತೀನಿ."

"ಓಗಿ ಅಮ್ಮಣ್ಣಿ. ಬಿರ್ನೆ ಬನ್ನಿ." ಅವಳು ಆಗಲೇ ಅಡ್ಡ ಬಿದ್ದ ಹಸುವನ್ನು ಎದೆಯ ಮೇಲೆ ಕೂರುವಂತೆ ಎಬ್ಬಿಸಲು ಭುಜ ಕೊಟ್ಟು ತಳ್ಳುತ್ತಿದ್ದಳು. ನಾನೂ ಸೇರಿ ತಳ್ಳಿದೆ. ಹಸು ಕೂತಿತು, ಆದರೆ ಬಿಟ್ಟರೆ ಮತ್ತೆ ವಾಲುತ್ತಿತ್ತು. ಅಕ್ಕ ನೆಲದ ಮೇಲೆ ಕೂತು, ಕಾಲನ್ನು ಬದುವಿಗೆ ಒತ್ತುಕೊಟ್ಟು, ತನ್ನ ಬೆನ್ನನ್ನು ಅದರ ಪಕ್ಕೆಗೆ ಆನಿಸಿದಳು.

ಅಪ್ಪ ಸಂತೆಗೆ ಬಸ್ಸಿನಲ್ಲಿ ಹೋಗಿದ್ದರು, ಮೊಪೆಡ್ ಮನೆಯಲ್ಲಿತ್ತು. ನಾನು ಅದನ್ನು ಅಂಗಳದಲ್ಲಿ ಓಡಿಸಿದ್ದೆನೇ ಹೊರತು ರಸ್ತೆಗೆ ಇಳಿಸಿರಲಿಲ್ಲ. ಆ ದಾರಿಯ ಒಂದು ಗುಂಡಿಯೂ ನನಗೆ ನೆನಪಿಲ್ಲ. ಒಂದು ಲೆಕ್ಕ ಮಾತ್ರ ನೆನಪಿದೆ. ಹಸು ಒಂದು ಉಸಿರಿಗೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತೋ ಅದೇ ತಾಳದಲ್ಲಿ ನಾನೂ ಉಸಿರಾಡುತ್ತಿದ್ದೆ. ಅದು ನಿಂತರೆ ನನಗೆ ಗೊತ್ತಾಗುತ್ತದೆ ಎಂಬಂತೆ.

ಮೊದಲು ದನದ ಆಸ್ಪತ್ರೆಗೆ ಹೋದೆ. ಘಟ್ಟದ ಕೆಳಗಿನ ತಮಿಳು ಸೀಮೆಯಿಂದ ಬಂದಿದ್ದ ಕಾಂಪೌಂಡರ್ ಒಬ್ಬನೇ ಇದ್ದ.

"ಡಾಕ್ಟರ್ ಇಲ್ಲೈಮ್ಮ. ಜೀರಹಳ್ಳಿ ಕ್ಯಾಂಪ್. ಸೂಜಿ ಹಾಕೋ ಕ್ಯಾಂಪ್."

"ಜೋಳದ ವಿಷ. ಹಸು ಬಿದ್ದಿದೆ. ತುಂಬು ಗಬ್ಬ. ಇಂಜೆಕ್ಷನ್ ಇದೆಯಾ?"

"ಅದು ಡಾಕ್ಟರ್ ಪೆಟ್ಟಿಗೇಲಿ. ಪೆಟ್ಟಿಗೆ ಕ್ಯಾಂಪ್‌ನಲ್ಲಿ."

"ಹೈಪೋ ಕುಡಿಸಬಹುದಾ?"

ಅವನು ಅಲ್ಲಿಯವರೆಗೆ ನನ್ನನ್ನು ಸರಿಯಾಗಿ ನೋಡಿರಲಿಲ್ಲ. ಈಗ ನೋಡಿದ. "ಯಾರು ಹೇಳಿದ್ದು ನಿಮಗೆ? ಆಂ, ಕುಡಿಸಬಹುದು. ಒಂದು ಹಿಡಿ, ಒಂದು ಬಾಟಲಿ ನೀರು. ಒಂದು ಗಂಟೆ ಬಿಟ್ಟು ಇನ್ನೊಂದು ಹಿಡಿ. ಮೂಗಿಗೆ ಹೋಗಬಾರದು, ಮೂಗಿಗೆ ಹೋದ್ರೆ ಅದರಲ್ಲೇ ಹೋಗಿಬಿಡುತ್ತೆ. ಜೀರಹಳ್ಳಿ ಬಸ್ಸು ಇನ್ನೂ ನಿಂತಿದೆ, ನಾನು ಡ್ರೈವರ್ ಕೈಲಿ ಚೀಟಿ ಕೊಡ್ತೀನಿ. ನೀವು ಓಡಿ." ಊರಿನ ಗುರುತು ಕೇಳಿಕೊಂಡು ಚೀಟಿ ಬರೆಯುತ್ತಲೇ ಬಸ್ ಸ್ಟಾಂಡಿನ ಕಡೆ ಹೊರಟ.

ಸ್ಟುಡಿಯೋ ಬಾಗಿಲು ಆಗತಾನೇ ತೆಗೆದಿತ್ತು. ನನ್ನ ಹಾಲ್ ಟಿಕೆಟ್ಟಿನ ಫೋಟೋ ತೆಗೆದವರು ಅವರೇ. ಆಗಿನ್ನೂ ನಮ್ಮಲ್ಲಿ ಕಪ್ಪು ಬಿಳುಪು ಪಾಸ್‌ಪೋರ್ಟ್ ಫೋಟೋಗಳನ್ನು ಕತ್ತಲೆ ಕೋಣೆಯಲ್ಲಿ ತೊಳೆಯುತ್ತಿದ್ದರು.

"ಅಣ್ಣ, ಹೈಪೋ ಇದೆಯಾ?"

"ಏನವ್ವ, ಸ್ಟುಡಿಯೋ ಮಡಗಿಯಾ?"

"ಹಸುಗೆ."

"ಅಸೂಗೆ ಪೋಟೋನಾ?" ಎಂದು ನಗಲು ಹೊರಟವರು ನನ್ನ ಮುಖ ನೋಡಿ ನಿಲ್ಲಿಸಿದರು. ನಾನು ಎರಡು ಮಾತಿನಲ್ಲಿ ಹೇಳಿದೆ. ಅವರು ಕತ್ತಲೆ ಕೋಣೆಗೆ ನುಗ್ಗಿ ಎರಡು ಡಬ್ಬ ತಂದು ಮುಂದಿಟ್ಟರು. ಒಂದರಲ್ಲಿ ಪುಡಿ, ಇನ್ನೊಂದರಲ್ಲಿ ಕಲ್ಲುಸಕ್ಕರೆಯಂಥ ಹರಳು. ನಾನು ಪುಡಿಯ ಡಬ್ಬಕ್ಕೆ ಕೈ ಹಾಕಿದೆ. ಹೈಪೋ ಎಂಬ ಅಕ್ಷರಗಳು ಅದರ ಮೇಲೆ ದೊಡ್ಡದಾಗಿದ್ದವು.

"ಅದ ಮುಟ್ಬ್ಯಾಡ!" ಅವರು ನನ್ನ ಕೈಯನ್ನೇ ಸರಿಸಿದರು. "ಅದ್ಕೆ ಆಸಿಡ್ಡು, ಪಟಿಕ ಎಲ್ಲ ಬೆರ್ಸವ್ರೆ. ಕುಡುಸುದ್ರೆ ಕರ್ಳು ಸುಟ್ಟೋಯ್ತದೆ. ಇದ ತಕೋ, ಇದು ಬರೀ ಅರ್ಳು."

ಹೊಟ್ಟೆಗೆ ಹೋಗಬಾರದ್ದನ್ನು ಅದೇ ಬೆಳಿಗ್ಗೆ ಎರಡನೆಯ ಸಲ ನಾನು ಆ ಹಸುವಿಗೆ ಕೊಡುವುದರಲ್ಲಿದ್ದೆ. ಈ ಸಲ 'ಬೇಡ' ಎನ್ನಲು ಒಬ್ಬರಿದ್ದರು. ಅವರಿಗೆ ನನ್ನ ಮೇಲೆ ಕೂಗಲು ಹಿಂಜರಿಕೆ ಇರಲಿಲ್ಲ. ಹರಳನ್ನು ಹಳೆಯ ಪೇಪರಿನಲ್ಲಿ ಕಟ್ಟಿ ಕೊಟ್ಟರು. ದುಡ್ಡಿನ ಮಾತು ಎತ್ತಿದ್ದಕ್ಕೆ, "ಓಗವ್ವ ಓಗು, ಅಸ ಎದ್ದ ಮೇಲೆ ಆಲ್ ತಕ್ಕಂಡ್ ಬಾ" ಎಂದರು.

ನಾನು ಹೋಗಿ ಬರುವುದರಲ್ಲಿ ಅರ್ಧ ಗಂಟೆಯ ಮೇಲಾಗಿತ್ತು. ದೂರದಿಂದ ಹೊಲದ ಕಡೆ ನೋಡಿದಾಗ ಬದುವಿನ ಪಕ್ಕ ಕೆಂಪಗೆ ಒಂದು ಗುಡ್ಡೆ ಕಂಡಿತು, ಅಲುಗಾಡುತ್ತಿರಲಿಲ್ಲ. ಮೊಪೆಡ್ಡನ್ನು ದಾರಿಯಲ್ಲೇ ಕೆಡವಿ ಓಡಿದೆ.

ಅಕ್ಕ ನಾನು ಬಿಟ್ಟುಹೋದ ಹಾಗೆಯೇ ಕೂತಿದ್ದಳು. ಬೆನ್ನು ಹಸುವಿನ ಪಕ್ಕೆಗೆ, ಪಾದ ಬದುವಿಗೆ. ಯಾರೋ ತಂದುಕೊಟ್ಟ ಬೆಲ್ಲದ ನೀರಿನ ಚೊಂಬು ಪಕ್ಕದಲ್ಲಿತ್ತು, ಬೆರಳಲ್ಲಿ ಅದ್ದಿ ಹಸುವಿನ ನಾಲಗೆಗೆ ಸವರುತ್ತಿದ್ದಳು. ಏನೋ ಮಾತಾಡುತ್ತಿದ್ದಳು, ಹತ್ತಿರ ಹೋದಾಗ ಕೇಳಿಸಿತು.

"ಅಮ್ಮಣ್ಣಿ ಬತ್ತಾವ್ರೆ ಕಣವ್ವ. ಓದ್ದೋರು ಕಣ, ಮದ್ದು ತತ್ತಾವ್ರೆ. ಇನ್ನೊಂದ್ ಉಸ್ರು ಬುಡು. ಆಂ, ಅಂಗೆ. ಇನ್ನೊಂದ್ ಬುಡು."

ನನಗೆ ಅಲ್ಲೇ ಕೂತು ಅಳಬೇಕೆನ್ನಿಸಿತು. ಅದಕ್ಕೆ ಹೊತ್ತಿರಲಿಲ್ಲ.

ಹರಳನ್ನು ನೀರಿನಲ್ಲಿ ಕರಗಿಸಿದೆ. ಬಾಟಲಿಯ ಹೊರಮೈ ತಣ್ಣಗಾಯಿತು. ಕುಡಿಸುವುದು ಹೇಗೆ? ನಾನು ಬಾಟಲಿಯನ್ನೇ ಅದರ ಬಾಯಿಗೆ ತುರುಕಲು ಹೊರಟೆ, ತಲೆಯನ್ನು ಮೇಲಕ್ಕೆತ್ತಿ ಹಿಡಿದೆ.

"ಅಂಗೆತ್ಬ್ಯಾಡಿ, ನೆತ್ತಿಗೇರ್ತದೆ. ಗೊಟ್ಟ ತನ್ನಿ."

ಗೊಟ್ಟ ಎಂದರೆ ದನಕ್ಕೆ ಮದ್ದು ಕುಡಿಸುವ, ಒಂದು ಕಡೆ ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆ. ನಮ್ಮ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿದ್ದು ಇತ್ತು. ಓಡಿ ತಂದೆ. ಈಗ ಅವಳ ಬೆನ್ನಿನ ಜಾಗಕ್ಕೆ ನಾನು ಕೂತೆ. ಹಸುವಿನ ಬಿಸಿ ನನ್ನ ಬೆನ್ನಿಗೆ ಹತ್ತಿತು. ಒಳಗೆ ಅದರ ಎದೆ ಹೊಡೆದುಕೊಳ್ಳುತ್ತಿತ್ತು, ಇನ್ನೂ ಸ್ವಲ್ಪ ಕೆಳಗೆ, ನನ್ನ ಸೊಂಟದ ಹತ್ತಿರ, ಬೇರೆ ಏನೋ ಒಂದು ಸಲ ಒದೆಯಿತು. ಅದು ಕರು ಎಂದು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

ಅಕ್ಕ ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ದವಡೆಯ ಸಂದಿಯಲ್ಲಿ ಗೊಟ್ಟ ತೂರಿಸಿ, ಸ್ವಲ್ಪವೇ ಹುಯ್ದು, ತೆಗೆದು, ಗಂಟಲನ್ನು ನೀವಿ, ನುಂಗುವವರೆಗೆ ಕಾದು, ಮತ್ತೆ ಹುಯ್ದಳು. ಅವಸರವೇ ಇರಲಿಲ್ಲ. ಆ ಬಾಟಲಿ ಮುಗಿಯಲು ಎಷ್ಟು ಹೊತ್ತಾಯಿತೋ. ನನ್ನ ಕೈಯಲ್ಲಿ ಬಿಟ್ಟಿದ್ದರೆ ಅರ್ಧ ನಿಮಿಷದಲ್ಲಿ ಸುರಿದು ಅದರ ಪುಪ್ಪುಸಕ್ಕೆ ತುಂಬಿಬಿಡುತ್ತಿದ್ದೆ.

ಒಂದಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಅದುರು ಬೆನ್ನಿನಿಂದ ಇಳಿದು ತೊಡೆಗೆ ಬಂತು. ಉಸಿರಿನ ನಡುವೆ ಜಾಗ ಹುಟ್ಟಿತು. ಎರಡನೆಯ ಬಾಟಲಿ ಕುಡಿಸುವ ಹೊತ್ತಿಗೆ ಹಸು ಗೊಟ್ಟವನ್ನು ತಲೆಯಲ್ಲಿ ತಳ್ಳಿತು.

"ಅಯ್, ಕೊಬ್ಬು ನೋಡಿ! ಗಂಡಾಂತ್ರ ಕಳೀತು ಬುಡಿ, ಇವ್ಳು ಎದ್ಳು," ಎಂದಳು ಅಕ್ಕ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಅದೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಡಾಕ್ಟರು ಮಧ್ಯಾಹ್ನ ಬಂದರು. ಸೂಜಿ ಹಾಕಿ, ಹೊಟ್ಟೆಯ ಮೇಲೆ ಕಿವಿಯಿಟ್ಟು, ಕರುವೂ ಬದುಕಿದೆ ಎಂದರು. ಬೆಳಿಗ್ಗೆ ಏನು ತಿಂದಿತ್ತು ಎಂದು ಕೇಳಿದರು. ಒಂದು ಹೊರೆ ರಾಗಿಹುಲ್ಲು ತಿನ್ನಿಸದೆ ತಾನು ಹಸುವನ್ನು ಯಾವತ್ತೂ ಹೊರಗೆ ಹೊಡೆಯುವುದಿಲ್ಲ ಎಂದಳು ಅಕ್ಕ. ಡಾಕ್ಟರು ತಲೆಯಾಡಿಸಿದರು. ಹೊಟ್ಟೆ ಖಾಲಿ ಇದ್ದಿದ್ದರೆ ವಿಷ ಒಟ್ಟಿಗೇ ಬಿಟ್ಟುಕೊಂಡು, ನಾನು ಮೊಪೆಡ್ ಹತ್ತುವುದರೊಳಗೆ ಮುಗಿದಿರುತ್ತಿತ್ತಂತೆ. ಆ ಹುಲ್ಲು ಅದನ್ನು ನಿಧಾನಿಸಿತು. ಆಮೇಲೆ ಕೈ ತೊಳೆಯುತ್ತ, ಕೂಳೆಗೆ ಬಿಟ್ಟವರು ಯಾರು ಎಂದು ಸುಮ್ಮನೆ ಕೇಳಿದರು.

ಅಪ್ಪ ಆಗಷ್ಟೇ ಸಂತೆಯಿಂದ ಬಂದು ನಿಂತಿದ್ದರು. ಅಪ್ಪ ಅಕ್ಕನ ಕಡೆ ತಿರುಗಿದರು.

"ಉಟ್ಟಾರಬ್ಯ ದನ ಕಾದೋಳು ನೀನು. ತೆನೆ ಕಟ್ಟಾಗಂಟ ಕೂಳೆ ಮುಟ್ಟುಸ್ಬಾರ್ದು ಅಂತ ನಿಂಗೆ ಗೊತ್ತಿಲ್ವಾ? ವಾರದ ಅಸುನ ಇಂಗಾ ಕಾಯಾದು?"

"ತೆಪ್ಪಾಯ್ತು ಬುದ್ಧಿ."

"ತೆಪ್ಪಾಯ್ತು ಅಂದ್ರೆ, ಜೀವ ಓಗಿದ್ರೆ ಬತ್ತಿತ್ತಾ? ಕರ ಉಟ್ಟುದ್ ಮ್ಯಾಲೆ ನಮ್ಮ ಕೊಟ್ಗೇಲೇ ಇರ್ಲಿ. ನಿನ್ ಕೈಲಿ ಆಗಾಕಿಲ್ಲ."

ಅಕ್ಕ ತಲೆ ತಗ್ಗಿಸಿ ಹಸುವಿನ ಕೊಂಬಿಗೆ ಅಂಟಿದ್ದ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಅಲ್ಲೇ ಹೇಳಿಬಿಡುತ್ತಿದ್ದೆನೇನೋ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಅಲ್ಲಿ ಡಾಕ್ಟರಿದ್ದರು, 'ಹೈಪೋ ಹೊಳೆದದ್ದು ನಿಮಗೇನಾ' ಎಂದು ಸ್ವಲ್ಪ ಮುಂಚೆ ನನ್ನನ್ನು ಹೊಗಳಿದ್ದರು. ಆ ಹೊಗಳಿಕೆ ಇನ್ನೂ ನನ್ನ ಮೈಮೇಲಿತ್ತು. ನಾನು ಸುಮ್ಮನೆ ನಿಂತೆ. ಹಸು ಕುಸಿದ ಗಳಿಗೆ ನನಗೆ ಕನಸಿನಲ್ಲಿ ಮತ್ತೆ ಮತ್ತೆ ಬರುತ್ತದೆ ನಿಜ. ಆದರೆ ಎಚ್ಚರವಿರುವಾಗ ನನ್ನನ್ನು ಬಿಡದಿರುವುದು ಈ ಗಳಿಗೆ.

ಮನೆಯಲ್ಲಿ ಅಪ್ಪ ಕಾಲು ತೊಳೆದು ಊಟಕ್ಕೆ ಕೂತರು. ಅವ್ವ ಮುದ್ದೆ ಇಟ್ಟಳು. ಅಪ್ಪ ಮೊದಲ ತುತ್ತು ಮುರಿದಾಗ ನನ್ನ ಬಾಯಿಯಿಂದ ಮಾತು ಹೊರಬಂತು.

"ಕೂಳೆಗೆ ಬಿಡು ಅಂದಿದ್ದು ನಾನು."

ಅಪ್ಪ ಕೈ ತಡೆದರು. "ನೀ ಅಂದ್ರೆ? ಅವ್ಳಿಗ್ ಗೊತ್ತಿಲ್ವಾ?"

"ಗೊತ್ತಿತ್ತು. ಎರಡು ಸಲ ಹೇಳಿದಳು. ನಾನೇ ಕೇಳಲಿಲ್ಲ."

"ಗೊತ್ತಿದ್ದೂ ಯಾಕ್ ಬುಟ್ಳು ಮತ್ತೆ?"

"ನಾನು ನಿಮ್ಮ ಮಗಳಲ್ಲವಾ ಅಪ್ಪ? ಅದಕ್ಕೆ."

ಅಪ್ಪ ಆ ತುತ್ತನ್ನು ಸಾರಿನಲ್ಲಿ ಹೊರಳಿಸಿದರು, ಮತ್ತೆ ಹೊರಳಿಸಿದರು. ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದರು. ಚಪ್ಪಲಿ ಮೆಟ್ಟಿಕೊಂಡ ಸದ್ದು ಕೇಳಿ ಹಿಂದೆಯೇ ಹೋದೆ. ಅವರು ಕೂಲಿಯವರ ಕೇರಿಯ ಕಡೆ ನಡೆದರು. ಆ ಹಟ್ಟಿಯ ಮುಂದೆ ಅವರು ನಿಂತಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಕೆಲಸಕ್ಕೆ ಕರೆಯುವುದಿದ್ದರೂ ದಾರಿಯಲ್ಲೇ ನಿಂತು ಕೂಗುವವರು. ಅಕ್ಕ ಗಾಬರಿಯಿಂದ ಹೊರಗೆ ಬಂದಳು. ಸೂರಿನ ಕೆಳಗಿನ ಗೂಟದಲ್ಲಿ ಆ ಸಣ್ಣ ಹಗ್ಗ ನೇತಾಡುತ್ತಿತ್ತು.

ಅಪ್ಪ ಅದನ್ನೇ ನೋಡುತ್ತ ಹೇಳಿದರು. "ಕರ ನಿಂದೇ ಕಣವ್ವ. ನಾ ಆಡುದ್ ಮಾತ ಮನ್ಸಿಗ್ ಮಡಿಕೋಬ್ಯಾಡ." ನನ್ನ ಕಡೆ ಕೈ ತೋರಿಸಿ, "ಇನ್ಮೇಕೆ ಇವ್ಳು ಏನಾರ ಯೋಳುದ್ರೆ, ಬ್ಯಾಡ ಅಂತ ಬಯ್ದು ಕಳ್ಸು" ಎಂದರು.

"ಅಯ್ಯೋ ಬುಡಿ ಬುದ್ಧಿ, ಅಮ್ಮಣ್ಣಿ ಇಲ್ದಿದ್ರೆ ಅಸ ಉಳೀತಿತ್ತಾ?"

"ಅವ್ಳು ಇಲ್ದಿದ್ರೆ ಬೀಳ್ತಾನೂ ಇರ್ನಿಲ್ಲ," ಎಂದರು ಅಪ್ಪ.

ಅಪ್ಪ ಹೋದ ಮೇಲೆ ನಾನು ಅವಳ ಜಗಲಿಯ ಮೇಲೆ ಕೂತೆ. ಯಾಕಕ್ಕ ಗಟ್ಟಿಯಾಗಿ ಹೇಳಲಿಲ್ಲ ಎಂದು ಕೇಳಿದೆ. ಅಪ್ಪನಿಗೆ ನಾನು ಕೊಟ್ಟ ಉತ್ತರವನ್ನೇ ಅವಳಿಂದಲೂ ಕಾಯುತ್ತಿದ್ದೆ. ಅವಳು ಬೇರೆ ಹೇಳಿದಳು.

"ನೀವು ಅಷ್ಟ್ ದೂರ ಓಗಿ ಓದ್ದೋರು. ಕೂಳೇಲಿ ನಂಜಿಲ್ಲ ಅಂತ ಈಗ ಏನಾರ ಕಂಡಿಡ್ದವ್ರೇನೋ, ನಮ್ಗೇನ್ ಗೊತ್ತದು ಅನ್ಕಂಡಿ."

ನಾನು ಪುಸ್ತಕ ಓದಿ ತಿಳಿದುಕೊಂಡದ್ದು ಅವಳಿಗೆ ಮೊದಲೇ ತಿಳಿದಿತ್ತು, ಅದರ ಹೆಸರೊಂದನ್ನು ಬಿಟ್ಟು. ತೆನೆ ಕಟ್ಟುವವರೆಗೆ ಮುಟ್ಟಿಸಬಾರದು, ಹಸಿದ ಹೊಟ್ಟೆಯಲ್ಲಿ ಹೊಡೆಯಬಾರದು. ಹಾಗಿದ್ದೂ ನನ್ನ ಓದಿನ ಮೇಲಿನ ನಂಬಿಕೆಯಿಂದ ತನ್ನ ಒಂದೇ ಆಸೆಯನ್ನು ಆ ಹಸಿರಿನೊಳಗೆ ಬಿಟ್ಟಿದ್ದಳು. ಅವಳು ನನಗೆ ಒಂದು ಲೋಟ ಕಾಫಿ ತಂದುಕೊಟ್ಟಳು, ಅದರಲ್ಲಿ ಬೆಳಿಗ್ಗೆ ಹಸುವಿಗೆ ಕರಗಿಸಿ ಉಳಿದ ಬೆಲ್ಲ ಇತ್ತು.

ಕರು ಹುಟ್ಟಿದ್ದು ತಿಂಗಳ ಮೇಲೆ ಮೂರು ದಿನಕ್ಕೆ. ಹೆಣ್ಣು ಕರು, ತಾಯಿಯ ಹಾಗೆಯೇ ಕೆಂದ, ಹಣೆಯಲ್ಲಿ ಮಾತ್ರ ಬೆರಳಗಲ ಬಿಳಿ. ಕಣ್ಣು, ಕಾಲು, ಉಸಿರು ಎಲ್ಲ ಸರಿಯಾಗಿದೆಯೇ ಎಂದು ನಾನು ಮತ್ತೆ ಮತ್ತೆ ನೋಡುತ್ತಿದ್ದುದಕ್ಕೆ ಅಕ್ಕ ಬೈದಳು, ದಿಟ್ಟಿಯಾಗುತ್ತದೆ ಎಂದು. ಅವಳು ಗಿಣ್ಣು ಕಾಯಿಸಿ ತಟ್ಟೆಯಲ್ಲಿ ಹಾಕಿಕೊಟ್ಟಳು. ಅವಳ ಹಟ್ಟಿಯಲ್ಲಿ ಅವಳದೇ ಕರು ತಂದ ಮೊದಲ ಗಿಣ್ಣು. ಮೊದಲ ತುಂಡು ನನಗೆ. ಸ್ಟುಡಿಯೋದವರಿಗೂ ಹಿಡಿಕೆಯಿರುವ ಒಂದು ತೂಕು ಪಾತ್ರೆಯಲ್ಲಿ ಹಾಲು ಕೊಟ್ಟು ಕಳುಹಿಸಿದಳು. ಅವರು ಪಾತ್ರೆಯೊಳಗೆ ಇಣುಕಿ, "ಪೋಟೋ ತುಂಬ ಬೆಳ್ಳಗ್ ಬಂದದೆ ಕಣವ್ವ" ಎಂದರು.

ಮುಂದೆ ನಾನು ಕೆಲಸಕ್ಕೆಂದು ಈರೋಡಿಗೆ ಹೋದೆ. ದಿಂಬಂ ಘಟ್ಟದ ಇಳಿಜಾರಿನ ತಿರುವುಗಳಲ್ಲಿ ಬಸ್ಸು ಹೊರಳುವಾಗಲೆಲ್ಲ ಹಸು ಅಡ್ಡಡ್ಡ ಇಟ್ಟ ಆ ಎರಡು ಹೆಜ್ಜೆಗಳು ನೆನಪಿಗೆ ಬಂದು ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಎರಡು ವರ್ಷದ ಮೇಲೆ ಒಂದು ಮಳೆಗಾಲದಲ್ಲಿ ಊರಿಗೆ ಬಂದಾಗ ಅಕ್ಕ ಬದುವಿನ ಮೇಲೆ ಸಿಕ್ಕಳು. ಕೈಯಲ್ಲಿ ಎರಡು ಹಗ್ಗ, ಮುಂದೆ ತಾಯಿ, ಹಿಂದೆ ಹೋರಿಯ ಹಾಗೆ ಬೆಳೆದ ಆ ಕಡಸು. ಮಳೆ ಸಣ್ಣಗೆ ಹನಿಯುತ್ತಿತ್ತು.

"ನೆನೆಯುತ್ತಿದೆಯಲ್ಲಕ್ಕ, ಪಾಪ. ಆ ಹೊಂಗೆ ಮರದ ಕೆಳಗೆ ಕಟ್ಟಬಾರದಾ?" ಎಂದೆ.

ಅವಳು ನಿಂತಳು. ಹಗ್ಗವನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡಳು. ಆಮೇಲೆ ಇಡೀ ಹೊಲಕ್ಕೆ ಕೇಳುವ ಹಾಗೆ ಹೇಳಿದಳು.

"ಬ್ಯಾಡ! ಆ ಮರದ್ ಬುಡ್ದಲ್ಲಿ ಇರ್ವೆ ಗೂಡದೆ. ಸುಮ್ನೆ ಕಟ್ಟೆ ಮ್ಯಾಲೆ ಕೂತ್ಕಳಿ ಅಮ್ಮಣ್ಣಿ, ನಿಮ್ಗೇನ್ ಗೊತ್ತದು!"

ಆಚೆ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳಲಿಲ್ಲ, ಎರಡೂ ಕೈಯಲ್ಲಿ ಹಗ್ಗ ಇತ್ತು. ನಾನು ಹೋಗಿ ಕಟ್ಟೆಯ ಮೇಲೆ ಕೂತೆ. ಕಡಸು ನನ್ನ ಪಕ್ಕ ಹಾದು ಹೋಗುವಾಗ ಅದರ ಉಸಿರು ಒಂದು ಸಲ ನನ್ನ ಮೊಣಕಾಲಿಗೆ ತಾಗಿತು. ಬೆಚ್ಚಗಿತ್ತು.